ಮಿಸೆಸ್ ಟಾಮ್ ತಂದ ಕೋಚ್

ಡಾನ್ ಡೆಲಿಲ್ಲೊ ಅವರ ‘ಎಂಡ್ ಝೋನ್’ ಕಾದಂಬರಿಯನ್ನು ನಾನು ಮೊದಲ ಸಲ ಓದಿದ್ದು ಅದು ಅಣುಬಾಂಬಿನ ಕಾದಂಬರಿ ಎಂದು ಯಾರೋ ಹೇಳಿದ್ದಕ್ಕೆ. 1972ರಲ್ಲಿ ಬಂದ ಪುಸ್ತಕ. ಪಶ್ಚಿಮ ಟೆಕ್ಸಸ್ಸಿನ ಬೋಳು ಬಯಲಿನಲ್ಲಿ ಲೋಗೋಸ್ ಎಂಬ ಸಣ್ಣ ಕಾಲೇಜು. ಅಲ್ಲಿ ಫುಟ್‌ಬಾಲ್ ಆಡುವ ಗ್ಯಾರಿ ಹಾರ್ಕ್‌ನೆಸ್ ಎಂಬ ಹುಡುಗ. ಮೈದಾನದಿಂದ ಆಚೆ ಬಂದರೆ ಅವನ ತಲೆಯ ತುಂಬ ಅಣುಯುದ್ಧದ ಲೆಕ್ಕಾಚಾರ. ಆಟದ ಭಾಷೆಯೂ ಯುದ್ಧದ ಭಾಷೆಯೂ ಒಂದರೊಳಗೊಂದು ಹೆಣೆದುಕೊಳ್ಳುವುದನ್ನು ಮೆಚ್ಚಿ, ಅಂಚಿನಲ್ಲಿ ಗೆರೆ ಎಳೆದು, ಪುಸ್ತಕ ಮುಚ್ಚಿಟ್ಟಿದ್ದೆ.

ಈಚೆಗೆ ಮತ್ತೆ ಓದುವಾಗ ಬೇರೊಬ್ಬಳು ಕಣ್ಣಿಗೆ ಬಿದ್ದಳು: ಮಿಸೆಸ್ ಟಾಮ್ ವೇಡ್. ಕಾಲೇಜು ಕಟ್ಟಿದ ಟಾಮ್ ವೇಡ್‌ನ ವಿಧವೆ, ಈಗ ಕಾಲೇಜಿನ ಅಧ್ಯಕ್ಷೆ. ಎಲ್ಲರ ಬಾಯಲ್ಲಿ ಬರೀ ‘ಮಿಸೆಸ್ ಟಾಮ್’. ಯಾರೂ ಕೇಳಿರದ ತನ್ನ ಕಾಲೇಜನ್ನು ನಾಲ್ಕು ಜನ ಗುರುತಿಸುವಂತೆ ಮಾಡಬೇಕು ಅವಳಿಗೆ. ಅದಕ್ಕಾಗಿ ಅವಳು ಕರೆತರುವುದು ಎಮೆಟ್ ಕ್ರೀಡ್ ಎಂಬ ಫುಟ್‌ಬಾಲ್ ಕೋಚನ್ನು. ಒಂದು ಕಾಲಕ್ಕೆ ದೊಡ್ಡ ಹೆಸರು ಮಾಡಿ, ತನ್ನದೇ ಆಟಗಾರನೊಬ್ಬನ ದವಡೆ ಮುರಿದು ಮೂಲೆ ಸೇರಿದ್ದವನು. ಕ್ರೀಡ್ ಬಂದ ಮೇಲೆ ಒಂದು ಗೋಪುರ ಏಳುತ್ತದೆ. ಅವನು ಅದರ ಮೇಲೆ ನಿಂತು ಅಭ್ಯಾಸ ನೋಡುತ್ತಾನೆ, ಕೆಳಗೆ ಹುಡುಗರು ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತಿರುತ್ತಾರೆ.

ಹೆಸರುಗಳನ್ನು ಡೆಲಿಲ್ಲೊ ಸುಮ್ಮನೆ ಇಟ್ಟಿಲ್ಲ. ಲೋಗೋಸ್ ಎಂದರೆ ಗ್ರೀಕಿನಲ್ಲಿ ಮಾತು, ವಿವೇಕ. ಕ್ರೀಡ್ ಎಂದರೆ ಇಂಗ್ಲಿಷಿನಲ್ಲಿ ಪ್ರಶ್ನಿಸದೆ ಒಪ್ಪಬೇಕಾದ ನಂಬಿಕೆ. ಕನ್ನಡದ ಕಿವಿಗೆ ಅದು ‘ಕ್ರೀಡೆ’ ಎಂದೂ ಕೇಳುತ್ತದೆ, ಅದು ನಮಗೆ ಸಿಕ್ಕ ಲಾಭ. ವಿವೇಕದ ಹೆಸರಿನ ಕಾಲೇಜು ತನ್ನನ್ನು ಜಗತ್ತಿಗೆ ಪರಿಚಯಿಸಿಕೊಳ್ಳಲು ನಂಬಿಕೆಯನ್ನು ಸಂಬಳ ಕೊಟ್ಟು ತರಿಸಿಕೊಳ್ಳುತ್ತದೆ. ಕೊಡುವವಳು ಮಿಸೆಸ್ ಟಾಮ್. ಕಾದಂಬರಿಯಲ್ಲಿ ಅವಳಿಗೆ ಸಿಗುವುದು ಕೆಲವೇ ಪುಟ. ಆಮೇಲೆ ವಿಮಾನ ಅಪಘಾತದಲ್ಲಿ ತೀರಿಕೊಳ್ಳುತ್ತಾಳೆ. ವಿಮರ್ಶಕರು ಅವಳನ್ನು ಹಾಸ್ಯದ ಪಾತ್ರವೆಂದು ದಾಟಿಹೋಗುವುದೇ ಹೆಚ್ಚು. ನಾನೂ ದಾಟಿದ್ದೆ. ಈಗ ಅನ್ನಿಸುವುದು, ಆ ಕಾದಂಬರಿಯಲ್ಲಿ ಮುಂದೆ ನಿಜವಾದ ಭಾಗ ಬಾಂಬಿನದಲ್ಲ, ಅವಳದು.

ಆಟದ ಬಗ್ಗೆ ಎರಡು ಮಾತು. ಇಲ್ಲಿ ಫುಟ್‌ಬಾಲ್ ಎಂದರೆ ನಾವು ಆಡುವ ಕಾಲ್ಚೆಂಡಲ್ಲ. ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು ಕಟ್ಟಿಕೊಂಡು, ಎರಡು ತುದಿಯೂ ಚೂಪಾದ ಚೆಂಡನ್ನು ಕೈಯಲ್ಲಿ ಅವುಚಿ ಹಿಡಿದು, ಎದುರಾಳಿಯ ನೆಲವನ್ನು ಗಜಗಳ ಲೆಕ್ಕದಲ್ಲಿ ಗೆಲ್ಲುತ್ತ ಹೋಗುವ ಆಟ. ಮೈದಾನದ ಎರಡು ಕೊನೆಯಲ್ಲೂ ಇರುವ ಹತ್ತು ಗಜದ ಪಟ್ಟಿಯೇ ಎಂಡ್ ಝೋನ್. ಅಮೆರಿಕದಲ್ಲಿ ಈ ಆಟ ಬೆಳೆದದ್ದು ಕಾಲೇಜುಗಳಲ್ಲಿ. ಲಕ್ಷ ಜನ ಕೂರುವ ಕ್ರೀಡಾಂಗಣಗಳು ಅಲ್ಲಿನ ಹಲವು ವಿಶ್ವವಿದ್ಯಾಲಯಗಳಲ್ಲಿವೆ. ಬಹುಪಾಲು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಯಾರು ಎಂದು ಹುಡುಕಿದರೆ ಸಿಗುವುದು ಗವರ್ನರ್ ಅಲ್ಲ, ಕುಲಪತಿಯೂ ಅಲ್ಲ. ರಾಜ್ಯದ ವಿಶ್ವವಿದ್ಯಾಲಯದ ಫುಟ್‌ಬಾಲ್ ಇಲ್ಲವೇ ಬಾಸ್ಕೆಟ್‌ಬಾಲ್ ಕೋಚ್.

ಇಷ್ಟು ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಟಿಕೆಟ್ಟು, ಟಿವಿ ಪ್ರಸಾರದ ಹಕ್ಕು ಎಂಬ ಉತ್ತರದ ಜೊತೆಗೆ ಇನ್ನೊಂದು ಉತ್ತರ ಬರುತ್ತದೆ: ದಾನಿಗಳು. ತಮ್ಮ ತಂಡದ ಮೇಲೆ ಪ್ರಾಣವಿಟ್ಟ ಸಿರಿವಂತ ಹಳೆಯ ವಿದ್ಯಾರ್ಥಿಗಳು, ಉದ್ಯಮಿಗಳು. ಅಲ್ಲಿ ಅವರಿಗೆ ‘ಬೂಸ್ಟರ್’ ಎಂಬ ಹೆಸರಿದೆ. ಕೋಚಿನ ಸಂಬಳದ ಬಗ್ಗೆ ಯಾರಾದರೂ ಹುಬ್ಬೇರಿಸಿದರೆ ವಿಶ್ವವಿದ್ಯಾಲಯಗಳು ಕೊಡುವ ಸಮಜಾಯಿಷಿಯೂ ಇದೇ. ಇದು ತೆರಿಗೆಯ ಹಣವಲ್ಲ, ವಿದ್ಯಾರ್ಥಿಗಳ ಫೀಸಲ್ಲ, ದಾನಿಗಳು ಮನಸಾರೆ ಕೊಟ್ಟದ್ದು. ಕೊಡುವವರು ಕೊಡುತ್ತಾರೆ, ನಿಮಗೇನು?

ಈ ‘ನಿಮಗೇನು’ ಎಂಬ ಪ್ರಶ್ನೆಯನ್ನು ಒಂದು ಪಠ್ಯದಂತೆ ಓದಬೇಕು ಅನ್ನಿಸಿತು. ಅದಕ್ಕೆ ತಕ್ಕ ಉದಾಹರಣೆ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ್ದು.

1855ರಲ್ಲಿ ಬೇಸಾಯ ಕಲಿಸಲು ಶುರುವಾದ ಸರ್ಕಾರಿ ಸಂಸ್ಥೆ ಅದು. ಮೆಲ್ ಟಕರ್ ಅಲ್ಲಿ ಕೋಚ್ ಆಗಿ ಬಂದದ್ದು 2020ರಲ್ಲಿ. 2021ರ ಋತುವಿನಲ್ಲಿ ತಂಡ ಹನ್ನೊಂದು ಪಂದ್ಯ ಗೆದ್ದಿತು, ಎರಡು ಸೋತಿತು. ಋತು ಮುಗಿಯುವ ಮೊದಲೇ, ನವೆಂಬರಿನಲ್ಲಿ, ಬೇರೆಯವರು ಅವರನ್ನು ಎಗರಿಸಿಕೊಂಡು ಹೋದಾರು ಎಂಬ ಭಯದಲ್ಲಿ ವಿಶ್ವವಿದ್ಯಾಲಯ ಹೊಸ ಕರಾರು ಬರೆಯಿತು: ಹತ್ತು ವರ್ಷಕ್ಕೆ 9.5 ಕೋಟಿ ಡಾಲರ್. ಸರಿಯಾದ ಕಾರಣವಿಲ್ಲದೆ ತೆಗೆದುಹಾಕಿದರೆ ಉಳಿದ ಹಣ ಪೂರ್ತಿ ಕೊಡಬೇಕು. ಈ ಭಾರಕ್ಕೆ ಹೆಗಲು ಕೊಡುತ್ತಿರುವವರು ದಾನಿಗಳು ಎಂದು ಪತ್ರಿಕೆಗಳು ಬರೆದವು. ಅವರಲ್ಲಿ ಮುಖ್ಯರಾದವರು ಮನೆಸಾಲದ ಕಂಪನಿಯೊಂದನ್ನು ನಡೆಸುವ ಕೋಟ್ಯಧೀಶ ಮ್ಯಾಟ್ ಇಶ್ಬಿಯಾ.

ಇಶ್ಬಿಯಾ ಅವರನ್ನು ದುಡ್ಡಿನ ಸೊಕ್ಕಿನ ಮನುಷ್ಯ ಎಂದು ಚಿತ್ರಿಸಿದರೆ ಕೆಲಸ ಸುಲಭವಾಗುತ್ತದೆ, ಆದರೆ ಸುಳ್ಳಾಗುತ್ತದೆ. 2000ನೇ ಇಸವಿಯಲ್ಲಿ ದೇಶದ ಚಾಂಪಿಯನ್ ಆದ ಮಿಶಿಗನ್ ಸ್ಟೇಟ್ ಬಾಸ್ಕೆಟ್‌ಬಾಲ್ ತಂಡದಲ್ಲಿ ಅವರಿದ್ದರು. ವಿದ್ಯಾರ್ಥಿವೇತನದ ಆಸರೆಯಿಲ್ಲದೆ ತಂಡಕ್ಕೆ ಸೇರಿ, ಬಹುಪಾಲು ಬೆಂಚಿನ ಮೇಲೆ ಕೂತ ಹುಡುಗ. ಅಂಥವನು ಮುಂದೆ ದುಡ್ಡು ಮಾಡಿ, ತನ್ನನ್ನು ಬೆಳೆಸಿದ ಜಾಗಕ್ಕೆ ಏನಾದರೂ ಕೊಡಬೇಕೆಂದರೆ ಅದರಲ್ಲಿ ಕೃತಜ್ಞತೆಯೇ ಇದೆ. ನನ್ನ ತಕರಾರು ಅವರ ಪ್ರೀತಿಯ ಮೇಲಲ್ಲ. ಒಬ್ಬರ ಪ್ರೀತಿಯನ್ನು ಒಂದು ಸಂಸ್ಥೆ ತನ್ನ ತೀರ್ಮಾನವನ್ನಾಗಿ ಮಾಡಿಕೊಂಡ ಬಗೆಯ ಮೇಲೆ.

ಅದೇ ವಿಶ್ವವಿದ್ಯಾಲಯ ಹಿಂದಿನ ವರ್ಷ, 2020ರ ಅಕ್ಟೋಬರಿನಲ್ಲಿ, ತನ್ನ ಈಜು ಮತ್ತು ಡೈವಿಂಗ್ ತಂಡಗಳನ್ನು ನಿಲ್ಲಿಸುವುದಾಗಿ ಹೇಳಿತ್ತು. ಗಂಡುಮಕ್ಕಳ ತಂಡ, ಹೆಣ್ಣುಮಕ್ಕಳ ತಂಡ ಎರಡನ್ನೂ. ಕಾರಣಗಳಲ್ಲಿ ಖರ್ಚು ಒಂದು. ಈಜುಗಾರ್ತಿಯರು ನ್ಯಾಯಾಲಯಕ್ಕೆ ಹೋದರು. ತಂಡಗಳು ಕೊನೆಯ ಸಲ ನೀರಿಗಿಳಿದು ವರ್ಷ ತುಂಬುವ ಮೊದಲೇ 9.5 ಕೋಟಿಯ ಕರಾರು ಬಂತು. ಎರಡಕ್ಕೂ ಸಂಬಂಧವಿಲ್ಲ, ದಾನಿಯ ಹಣ ದಾನಿ ಹೇಳಿದ್ದಕ್ಕೇ ಹೋಗಬೇಕು ಎಂದು ಅಧಿಕಾರಿಗಳು ವಾದಿಸಬಹುದು. ಲೆಕ್ಕಪತ್ರದಲ್ಲಿ ಅದು ಸರಿ. ಆದರೆ ಹಾಗೆ ವಾದಿಸಿದರೆ ಒಪ್ಪಿಕೊಂಡದ್ದು ಏನನ್ನು? ಈ ಸಂಸ್ಥೆಯಲ್ಲಿ ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ಈಗ ಸಂಸ್ಥೆ ನಿರ್ಧರಿಸುತ್ತಿಲ್ಲ ಎಂದು. ಯಾವ ಆಟಕ್ಕೆ ಸಿರಿವಂತ ಪ್ರೇಮಿಯಿದ್ದಾನೋ ಆ ಆಟಕ್ಕೆ ಆಯುಸ್ಸು. ಈಜುಕೊಳದ ಹುಡುಗಿಗೆ ಅಂಥ ಪ್ರೇಮಿ ಸಿಗಲಿಲ್ಲ.

ಮುಂದಿನ ಕಥೆ ಚಿಕ್ಕದು. 2022ರಲ್ಲಿ ತಂಡ ಐದು ಗೆದ್ದು ಏಳು ಸೋತಿತು. 2023ರ ಸೆಪ್ಟೆಂಬರಿನಲ್ಲಿ, ಲೈಂಗಿಕ ಕಿರುಕುಳದ ಆರೋಪದ ಹಿನ್ನೆಲೆಯಲ್ಲಿ, ಕರಾರಿನ ನಡತೆಯ ಕಲಮನ್ನು ಮುಂದಿಟ್ಟು ವಿಶ್ವವಿದ್ಯಾಲಯ ಟಕರ್ ಅವರನ್ನು ವಜಾ ಮಾಡಿತು. ಅವರು ಆರೋಪವನ್ನು ಒಪ್ಪಲಿಲ್ಲ. ಆ ಪ್ರಕರಣದ ಒಳಹೊಕ್ಕು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಗಮನಿಸಬೇಕಾದದ್ದು ಇಷ್ಟು: ಒಂದು ಋತುವಿನ ಹುಮ್ಮಸ್ಸಿಗೆ ಬರೆದ ಹತ್ತು ವರ್ಷದ ಮಾತು ಎರಡು ವರ್ಷ ಬಾಳಲಿಲ್ಲ. ಮಾತು ಮುರಿದ ಮೇಲೆ ವಕೀಲರ ಎದುರು ನಿಂತದ್ದು ದಾನಿಗಳಲ್ಲ, ವಿಶ್ವವಿದ್ಯಾಲಯ.

ದಾನ ಎಂಬ ಮಾತು ಇಲ್ಲಿಯೇ ಸಡಿಲವಾಗುತ್ತದೆ. ದಾನಿ ಕೊಡುವುದು ಹಣ. ವಿಶ್ವವಿದ್ಯಾಲಯ ಕೊಡುವುದು ಮಾತು, ಅಂದರೆ ಕರಾರು. ಹಣ ಒಂದು ದಿನ ನಿಲ್ಲಬಹುದು, ಮಾತಿನ ಹೊಣೆ ನಿಲ್ಲುವುದಿಲ್ಲ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2017ರ ಡಿಸೆಂಬರಿನಲ್ಲಿ ಜಿಂಬೊ ಫಿಶರ್ ಅವರಿಗೆ ಹತ್ತು ವರ್ಷಕ್ಕೆ 7.5 ಕೋಟಿ ಡಾಲರಿನ ಕರಾರು ಕೊಟ್ಟಿತು. 2021ರಲ್ಲಿ ಅದನ್ನು 2031ರವರೆಗೆ ಹಿಗ್ಗಿಸಿತು. 2023ರ ನವೆಂಬರಿನಲ್ಲಿ ಅವರನ್ನು ತೆಗೆದುಹಾಕಿದಾಗ ಕೊಡಬೇಕಾಗಿ ಬಂದ ಬಾಕಿ ಸುಮಾರು 7.6 ಕೋಟಿ. ಕೋಚ್ ಕೆಲಸ ಮಾಡುವುದಕ್ಕೆ ಗೊತ್ತುಮಾಡಿದ್ದಕ್ಕಿಂತ ಕೆಲಸ ಮಾಡದಿರುವುದಕ್ಕೆ ಕೊಡಬೇಕಾದದ್ದೇ ಹೆಚ್ಚಾಯಿತು. ಮೊದಲ ದೊಡ್ಡ ಕಂತನ್ನು ದಾನಿಗಳ ಪ್ರತಿಷ್ಠಾನ ಭರಿಸುತ್ತದೆ, ಮುಂದಿನ ವರ್ಷಗಳ ಕಂತುಗಳನ್ನು ಕ್ರೀಡಾ ವಿಭಾಗ ನೋಡಿಕೊಳ್ಳುತ್ತದೆ ಎಂದು ಅಲ್ಲಿನ ಕ್ರೀಡಾ ನಿರ್ದೇಶಕರು ಹೇಳಿದರು. ದಾನದ ಹಣ ಮೊದಲ ಬಾಗಿಲವರೆಗೆ ಬರುತ್ತದೆ, ಅಲ್ಲಿಂದ ಮುಂದಿನ ದಾರಿ ಸಂಸ್ಥೆಯದೇ.

2025ರ ಅಕ್ಟೋಬರಿನಲ್ಲಿ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ ಬ್ರಯನ್ ಕೆಲಿ ಅವರನ್ನು ತೆಗೆದಾಗ ಇದೇ ನಾಟಕ ಮತ್ತೊಮ್ಮೆ ನಡೆಯಿತು. ಬಾಕಿ ಐದು ಕೋಟಿ ಡಾಲರಿಗೂ ಮಿಕ್ಕಿದ್ದು. ರಾಜ್ಯದ ಗವರ್ನರ್ ಬಹಿರಂಗವಾಗಿಯೇ ಸಿಡುಕಿದರು. ಕೊನೆಗೆ ಈ ಹೊರೆ ತೆರಿಗೆ ಕಟ್ಟುವವರ ತಲೆಯ ಮೇಲೆ ಬಂದೀತು ಎಂಬುದು ಅವರ ಆತಂಕ. ದಾನಿಗಳ ಹಣ ಖಾಸಗಿ ಎಂಬ ಮಾತನ್ನು ಅಧಿಕಾರದಲ್ಲಿರುವವರೂ ಪೂರ್ತಿ ನಂಬುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗೆ ನೋಡಿದರೆ ಆ ಹಣ ಎಂದೂ ಪೂರ್ತಿ ಖಾಸಗಿಯಾಗಿರಲಿಲ್ಲ. ಅಮೆರಿಕದಲ್ಲಿ ವಿಶ್ವವಿದ್ಯಾಲಯಕ್ಕೆ ಕೊಟ್ಟ ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿಯಿದೆ. ಒಳ್ಳೆಯ ಸೀಟಿನ ಟಿಕೆಟ್ ಕೊಳ್ಳುವ ಹಕ್ಕಿಗಾಗಿ ಕೊಟ್ಟ ‘ದಾನ’ದಲ್ಲಿಯೂ ನೂರಕ್ಕೆ ಎಂಬತ್ತು ಪಾಲಿಗೆ ವಿನಾಯಿತಿ ಸಿಗುತ್ತಿತ್ತು. ಅದು ನಿಂತದ್ದು 2017ರ ತೆರಿಗೆ ಕಾಯಿದೆಯಿಂದ. ನೇರ ದಾನಕ್ಕೆ ವಿನಾಯಿತಿ ಈಗಲೂ ಇದೆ. ದಾನಿ ನೂರು ಡಾಲರ್ ಕೊಟ್ಟರೆ ಅದರಲ್ಲಿ ಒಂದಿಷ್ಟು ಸರ್ಕಾರದ ಬೊಕ್ಕಸಕ್ಕೆ ಸೇರಬೇಕಾಗಿದ್ದ ಹಣ. ಅಂದರೆ ಫುಟ್‌ಬಾಲ್ ಎಂದರೇನೆಂದೇ ಗೊತ್ತಿಲ್ಲದ, ದಾನ ಕೇಳಲು ಯಾರೂ ಹೋಗದ ಮನೆಯವರೂ ಕೋಚಿನ ಸಂಬಳದಲ್ಲಿ ಸಣ್ಣ ಪಾಲುದಾರರು. ಅವರಿಗೆ ಸೀಟು ಮಾತ್ರ ಇಲ್ಲ.

ಇಷ್ಟು ಬರೆಯುವಾಗ ನನ್ನನ್ನು ಪದೇ ಪದೇ ತಡೆದದ್ದು ಒಂದು ಕನ್ನಡ ಪದ. ಈ ವ್ಯವಸ್ಥೆಗೆ ಏನೆನ್ನಬೇಕು? ದಾನ, ದೇಣಿಗೆ, ಪ್ರಾಯೋಜಕತ್ವ? ನಮ್ಮಲ್ಲಿ ‘ದತ್ತಿ’ ಎಂಬ ಮಾತಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳಿಗೆ ಹೋದವರಿಗೆಲ್ಲ ಅದು ಗೊತ್ತು. ಯಾರೋ ತಾಯಿಯ ಹೆಸರಿನಲ್ಲಿ, ತೀರಿಕೊಂಡ ಗೆಳೆಯನ ಹೆಸರಿನಲ್ಲಿ ಒಂದಿಷ್ಟು ಮೂಲಧನ ಇಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ. ದಾನಿ ವಿಷಯ ಹೇಳಬಹುದು: ವಚನ ಸಾಹಿತ್ಯ, ಜಾನಪದ ಎಂದು. ಆದರೆ ಈ ವರ್ಷ ಯಾರು ಮಾತಾಡಬೇಕು, ಏನು ಹೇಳಬೇಕು ಎಂದು ದಿನಾ ಫೋನು ಮಾಡುವುದಿಲ್ಲ. ಹಳೆಯ ಕಲ್ಬರಹಗಳಲ್ಲಿಯೂ ಇದೇ ತಿಳಿವಳಿಕೆ. ಭೂಮಿಯನ್ನು ದತ್ತಿ ಬಿಟ್ಟವನು ಅದರಿಂದ ಕೈ ತೆಗೆಯುತ್ತಾನೆ. ಕೊಟ್ಟದ್ದನ್ನು ಕಸಿದವರಿಗೆ ಶಾಪ ಬರೆಸುತ್ತಾನೆ, ಆ ಶಾಪ ತನಗೂ ತಗಲುವಂತೆ. ಕೊಟ್ಟ ಮೇಲೆ ದೂರ ಸರಿಯುವುದು ಕೊಡುವುದರ ಅರ್ಧ ಭಾಗ.

ಅಮೆರಿಕದ ಫುಟ್‌ಬಾಲಿನಲ್ಲೂ ದತ್ತಿಗಳಿವೆ ಎಂದು ತಿಳಿದಾಗ ನನಗೆ ಅಚ್ಚರಿಯಾಯಿತು. ಪ್ರಾಧ್ಯಾಪಕರಿಗೆ ದತ್ತಿಪೀಠ ಇರುವಂತೆ ಕೋಚಿಗೂ ಪೀಠ. ಸ್ಟ್ಯಾನ್‌ಫರ್ಡಿನಲ್ಲಿ ಮುಖ್ಯ ಕೋಚಿನ ಪೂರ್ಣ ಹುದ್ದೆಯ ಹೆಸರು ‘ಬ್ರ್ಯಾಡ್‌ಫರ್ಡ್ ಎಂ. ಫ್ರೀಮನ್ ಫುಟ್‌ಬಾಲ್ ನಿರ್ದೇಶಕ’. ಯೇಲ್‌ನಲ್ಲಿ ಜೋಯೆಲ್ ಸ್ಮೈಲೊ ಹೆಸರು, ಹಾರ್ವರ್ಡಿನಲ್ಲಿ ಸ್ಟೀಫನ್‌ಸನ್ ಕುಟುಂಬದ ಹೆಸರು. ಕೇಳಿದ ಕೂಡಲೇ ನಗು ಬರುತ್ತದೆ. ಕಾಳಿದಾಸನಿಗೆ ಪೀಠ, ಕಬಡ್ಡಿಗೂ ಪೀಠವೇ ಎಂದು. ಆದರೆ ಯೋಚಿಸಿದಷ್ಟೂ ಈ ಏರ್ಪಾಡೇ ಹೆಚ್ಚು ಮರ್ಯಾದೆಯದು ಅನ್ನಿಸತೊಡಗಿತು. ಇಲ್ಲಿ ದಾನಿ ಮೂಲಧನ ಕೊಟ್ಟಿದ್ದಾನೆ. ಅದು ಒಬ್ಬ ವ್ಯಕ್ತಿಗಲ್ಲ, ಹುದ್ದೆಗೆ. ಕೋಚ್ ಗೆದ್ದರೂ ಸೋತರೂ, ಬಂದರೂ ಹೋದರೂ ಹುದ್ದೆ ಇರುತ್ತದೆ, ಬಡ್ಡಿ ಬರುತ್ತದೆ. ಯಾರನ್ನು ಕೂರಿಸಬೇಕು ಎಂಬುದು ಸಂಸ್ಥೆಯ ಹೊಣೆ.

ಮಿಶಿಗನ್ ಸ್ಟೇಟ್ ಮಾದರಿಯ ಹಣ ಇದಕ್ಕೆ ತಿರುಗುಮುರುಗು. ಅದು ಹುದ್ದೆಗೆ ಬಂದದ್ದಲ್ಲ, ಒಬ್ಬ ಮನುಷ್ಯನನ್ನು ಹಿಡಿದಿಟ್ಟುಕೊಳ್ಳಲು ಬಂದದ್ದು, ಅದೂ ಗೆಲುವಿನ ಬಿಸಿ ಆರುವ ಮೊದಲು. ಸ್ವಭಾವದಿಂದಲೇ ಅದು ದೂರ ಸರಿಯಲಾರದ ಹಣ. ಕೋಚ್ ಸೋತರೆ ದಾನಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಅಧ್ಯಕ್ಷರ ಫೋನು ಬಡಿದುಕೊಳ್ಳುತ್ತದೆ. ದತ್ತಿಗೂ ಇದಕ್ಕೂ ಇರುವ ವ್ಯತ್ಯಾಸ ಮೊತ್ತದಲ್ಲಿಲ್ಲ. ಕೊಟ್ಟವನು ಆಮೇಲೆ ಎಲ್ಲಿ ನಿಲ್ಲುತ್ತಾನೆ ಎಂಬುದರಲ್ಲಿದೆ.

ಈ ನಿಲ್ಲುವ ಜಾಗದ ಪ್ರಶ್ನೆಯನ್ನು ನೂರು ವರ್ಷದ ಹಿಂದೆಯೇ ಎತ್ತಿದವರು ಥೋರ್‌ಸ್ಟೀನ್ ವೆಬ್ಲೆನ್. ಉದ್ಯಮಿಗಳ ಕೈಯಲ್ಲಿ ವಿಶ್ವವಿದ್ಯಾಲಯಗಳ ಆಡಳಿತ ಹೇಗೆ ನಡೆಯುತ್ತದೆ ಎಂಬುದರ ಮೇಲೆ 1918ರಲ್ಲಿ ಅವರ ‘ದಿ ಹೈಯರ್ ಲರ್ನಿಂಗ್ ಇನ್ ಅಮೆರಿಕ’ ಬಂತು. ಅವರ ದೂರು ಉದ್ಯಮಿಗಳು ಕೆಟ್ಟವರು ಎಂದಲ್ಲ. ಅವರಿಗೆ ಗೊತ್ತಿರುವ ಅಳತೆಗೋಲು ಒಂದೇ, ಎಣಿಸಲು ಬರುವ ಫಲ ಎಂಬುದು. ಓದು ಬರಹದ ಫಲವನ್ನು ವರ್ಷದ ಕೊನೆಗೆ ಎಣಿಸಲಾಗದು. ಕಟ್ಟಡವನ್ನು ಎಣಿಸಬಹುದು, ವಿದ್ಯಾರ್ಥಿಗಳ ತಲೆ ಎಣಿಸಬಹುದು, ಗೆದ್ದ ಪಂದ್ಯ ಎಣಿಸಬಹುದು. ಆದ್ದರಿಂದ ಹಣ ಎಣಿಸಲು ಬರುವುದರ ಕಡೆಗೇ ಹರಿಯುತ್ತದೆ. ವೆಬ್ಲೆನ್ ಓದಲು ಸುಲಭವಲ್ಲ, ವಾಕ್ಯಗಳು ಮುಗಿಯುವುದೇ ಇಲ್ಲ, ವ್ಯಂಗ್ಯವನ್ನು ಎಷ್ಟು ಗಂಭೀರವಾಗಿ ಹೇಳುತ್ತಾರೆಂದರೆ ಕೆಲವು ಕಡೆ ತಪ್ಪಿಯೇ ಹೋಗುತ್ತದೆ. ಆದರೂ ಮಿಸೆಸ್ ಟಾಮ್‌ಳನ್ನು ಅರ್ಥಮಾಡಿಕೊಳ್ಳಲು ಡೆಲಿಲ್ಲೊಗಿಂತ ವೆಬ್ಲೆನ್ ಹೆಚ್ಚು ನೆರವಾದರು. ಕೋಚ್ ಎಂದರೆ ಎಣಿಸಲು ಬರುವ ಮೇಷ್ಟರು. ಕಾಲೇಜು ಹೆಸರಾಗಬೇಕೆಂದಿದ್ದ ಅವಳಿಗೆ ಅವನನ್ನು ಬಿಟ್ಟು ಬೇರೆ ದಾರಿ ಹೊಳೆಯಲಿಲ್ಲ.

ಕಾದಂಬರಿಯ ಮಿತಿಯೂ ಇಲ್ಲಿಯೇ ಕಾಣುತ್ತದೆ. ಲೋಗೋಸ್ ಕಾಲೇಜಿನಲ್ಲಿ ಹಣ ಮತ್ತು ಅಧಿಕಾರ ಒಂದೇ ದೇಹದಲ್ಲಿವೆ. ಮಿಸೆಸ್ ಟಾಮ್ ದಾನಿಯೂ ಹೌದು, ಅಧ್ಯಕ್ಷೆಯೂ ಹೌದು. ತಪ್ಪಾದರೆ ಅವಳದೇ ತಪ್ಪು. ನಿಜದಲ್ಲಿ ಇಬ್ಬರೂ ಬೇರೆ, ಒಬ್ಬರ ಹಿಂದೆ ಒಬ್ಬರು ಅವಿತುಕೊಳ್ಳಬಹುದು. ದಾನಿ ಹೇಳುತ್ತಾನೆ, ‘ನಾನು ಬರೀ ಕೊಟ್ಟೆ, ನೇಮಿಸಿದವರು ಅವರು.’ ಅಧ್ಯಕ್ಷರು ಹೇಳುತ್ತಾರೆ, ‘ನಾವು ಬರೀ ನೇಮಿಸಿದೆವು, ಹಣ ಅವರದು.’ ಈ ಅವಿತುಕೊಳ್ಳುವಿಕೆ ಕಾದಂಬರಿಗೆ ಎಂಥ ವಸ್ತು! ಹಣದ ಲೆಕ್ಕ ಡೆಲಿಲ್ಲೊ ಅವರನ್ನು ಸೆಳೆಯಲಿಲ್ಲ. ಅವರಿಗೆ ಬೇಕಿದ್ದದ್ದು ಭಾಷೆ. ಪುಸ್ತಕ ಬಂದ ಹತ್ತನೇ ವರ್ಷಕ್ಕೆ, 1982ರಲ್ಲಿ, ಅದೇ ಟೆಕ್ಸಸ್ಸಿನ ಎ ಅಂಡ್ ಎಂ ವಿಶ್ವವಿದ್ಯಾಲಯ ಜಾಕಿ ಶೆರಿಲ್ ಅವರಿಗೆ ಆರು ವರ್ಷಕ್ಕೆ 17 ಲಕ್ಷ ಡಾಲರಿನ ಕರಾರು ಕೊಟ್ಟಾಗ ದೇಶವೆಲ್ಲ ಬೆರಗಾಯಿತು. ಇಂದು ಆ ಮೊತ್ತ ಒಬ್ಬ ಸಹಾಯಕ ಕೋಚಿನ ಒಂದು ವರ್ಷದ ಸಂಬಳವಾಗಬಹುದು.

ಆದರೆ ಡೆಲಿಲ್ಲೊ ಕಂಡ ಒಂದು ಸತ್ಯವನ್ನು ಲೆಕ್ಕಪತ್ರಗಳು ಕಾಣಿಸಲಾರವು. ಕ್ರೀಡ್ ಬಂದ ಮೇಲೆ ಲೋಗೋಸ್‌ಗೆ ಟ್ಯಾಫ್ಟ್ ರಾಬಿನ್‌ಸನ್ ಎಂಬ ಹುಡುಗನನ್ನು ಕರೆತರುತ್ತಾನೆ. ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿ, ಅಸಾಧ್ಯ ಓಟಗಾರ. ಕಾಲೇಜಿಗೆ ಬೇಕಾದದ್ದು ಅವನ ಕಾಲುಗಳು. ಕಾದಂಬರಿಯ ಕೊನೆಯಲ್ಲಿ ಅವನು ಆಟವನ್ನೇ ಬಿಟ್ಟು ತನ್ನ ಕೋಣೆಯಲ್ಲಿ ಓದುತ್ತ ಕೂರುತ್ತಾನೆ. ನಿಜ ಜೀವನದಲ್ಲಿ ಆ ಕಾಲುಗಳ ಬೆಲೆಯೇನಿತ್ತು? ದಶಕಗಳ ಕಾಲ ನಿಯಮ ಒಂದೇ: ಆಟಗಾರ ವಿದ್ಯಾರ್ಥಿ, ಅವನಿಗೆ ವಿದ್ಯಾರ್ಥಿವೇತನ ಬಿಟ್ಟು ಸಂಬಳ ಕೊಡುವಂತಿಲ್ಲ. ನಿಯಮವಿದ್ದ ಮೇಲೆ ಕಳ್ಳದಾರಿಯೂ ಇತ್ತು. ಆಟಗಾರರಿಗೆ ಹಳೆಯ ವಿದ್ಯಾರ್ಥಿಗಳು, ವ್ಯಾಪಾರಿಗಳು ಗುಟ್ಟಾಗಿ ಹಣ ತಲುಪಿಸುವುದನ್ನು 1929ರಷ್ಟು ಹಿಂದೆಯೇ ಕಾರ್ನೆಗಿ ಪ್ರತಿಷ್ಠಾನದ ವರದಿ ಬಯಲಿಗಿಟ್ಟಿತ್ತು. ಆದರೆ ಬೆಳಕಿನಲ್ಲಿ, ರಸೀದಿ ಪಡೆದು, ತೆರಿಗೆ ವಿನಾಯಿತಿಯೊಂದಿಗೆ ಕೊಡಬಹುದಾದ ಹಣಕ್ಕೆ ದಾರಿ ಬೇಕಿತ್ತು. ಅದು ಕ್ರೀಡಾಂಗಣಕ್ಕೆ ಹೋಯಿತು, ಅಮೃತಶಿಲೆಯ ಲಾಕರ್ ಕೋಣೆಗಳಿಗೆ ಹೋಯಿತು, ಕೋಚಿಗೆ ಹೋಯಿತು. ಕೋಚಿನ ಸಂಬಳ ಅಷ್ಟು ಎತ್ತರ ಏರಿದ್ದಕ್ಕೆ ಅವನ ಜಾಣ್ಮೆಯೊಂದೇ ಕಾರಣವಲ್ಲ. ಮಕ್ಕಳಿಗೆ ಕೊಡದೆ ಉಳಿಸಿದ್ದೂ ಅದರಲ್ಲಿ ಸೇರಿದೆ.

2021ರಿಂದ ಆಟಗಾರರು ತಮ್ಮ ಹೆಸರು, ಮುಖಗಳಿಂದ ಹಣ ಗಳಿಸಬಹುದು ಎಂದಾಯಿತು. 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಆ ಜುಲೈಯಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷ ಒಂದು ಸಂಸ್ಥೆ ಎಲ್ಲ ಆಟಗಳಿಗೂ ಸೇರಿ ಕೊಡಬಹುದಾದ ಗರಿಷ್ಠ ಮೊತ್ತ ಸುಮಾರು 2.05 ಕೋಟಿ ಡಾಲರ್. ಇದರಿಂದ ಕೋಚುಗಳ ಸಂಬಳ ಇಳಿದೀತು ಎಂದು ಕೆಲವರು ಎಣಿಸಿದ್ದರು. ಅದೇ ವರ್ಷ ಕೆಲಿ ಅವರ ಐದು ಕೋಟಿಯ ಜಗಳ ನಡೆಯಿತು. ಆಟಗಾರರ ಮೊತ್ತಕ್ಕೆ ಮಿತಿಯಿದೆ, ಕೋಚಿನದಕ್ಕೆ ಇಲ್ಲ.

ವೆಬ್ಲೆನ್ ವಿಷಯಕ್ಕೆ ಮರಳಿದರೆ ಒಂದು ಜಾಗಕ್ಕೆ ಬಂದು ನಿಲ್ಲುತ್ತೇವೆ. ಅವರು 1892ರಿಂದ ಸುಮಾರು ಹದಿನಾಲ್ಕು ವರ್ಷ ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದರು. ಅದೇ 1892ರಲ್ಲಿ ಅಲ್ಲಿಗೆ ಬಂದ ಇನ್ನೊಬ್ಬರು ಏಮಸ್ ಅಲೊಂಜೊ ಸ್ಟ್ಯಾಗ್, ಫುಟ್‌ಬಾಲ್ ಕೋಚ್. ರಾಕ್‌ಫೆಲರ್ ಹಣದಿಂದ ಎದ್ದ ಹೊಸ ವಿಶ್ವವಿದ್ಯಾಲಯವನ್ನು ಹೆಸರಿಗೆ ತರಬೇಕೆಂದು ಅಧ್ಯಕ್ಷ ಹಾರ್ಪರ್ ಅವರು ಕೋಚಿಗೆ ಪ್ರಾಧ್ಯಾಪಕರ ದರ್ಜೆ ಕೊಟ್ಟು ಕರೆತಂದಿದ್ದರು. ಮಿಸೆಸ್ ಟಾಮ್ ಕತೆಯ ಮೂಲ ರೂಪ ಇದು. ಒಂದೇ ಅಂಗಳದಲ್ಲಿ ಅದನ್ನು ನಡೆಸಿದವರೂ ಇದ್ದರು, ನೋಡಿ ಬರೆದುಕೊಳ್ಳುವವರೂ ಇದ್ದರು. ಸ್ಟ್ಯಾಗ್ ನಾಲ್ಕು ದಶಕ ಅಲ್ಲಿದ್ದರು. ವ್ಯಾಪಾರಿ ಮಾರ್ಷಲ್ ಫೀಲ್ಡ್ ಹೆಸರಿನಲ್ಲಿದ್ದ ಮೈದಾನಕ್ಕೆ ಸ್ಟ್ಯಾಗ್ ಹೆಸರು ಬಂತು.

ಆಮೇಲೆ ನಡೆದದ್ದು ಅಪರೂಪದ್ದು. 1939ರಲ್ಲಿ ಮಿಶಿಗನ್ ತಂಡದೆದುರು 85–0 ಅಂತರದಲ್ಲಿ ಸೋತ ಋತುವಿನ ಕೊನೆಗೆ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಫುಟ್‌ಬಾಲನ್ನೇ ನಿಲ್ಲಿಸಿಬಿಟ್ಟರು. ಹಳೆಯ ವಿದ್ಯಾರ್ಥಿಗಳು ಏನೆಂದಾರು ಎಂಬ ಅಂಜಿಕೆ ಅವರಿಗೆ ಅಡ್ಡಬರಲಿಲ್ಲ. ಬಿಕೋ ಎನ್ನುತ್ತಿದ್ದ ಸ್ಟ್ಯಾಗ್ ಮೈದಾನದ ಗ್ಯಾಲರಿಯ ಅಡಿಯಲ್ಲಿ, ಗೋಡೆಗೆ ಚೆಂಡು ಹೊಡೆದು ಆಡುವ ಅಂಕಣವೊಂದರಲ್ಲಿ, 1942ರ ಡಿಸೆಂಬರ್ 2ರಂದು ಜಗತ್ತಿನ ಮೊದಲ ನಿಯಂತ್ರಿತ ಅಣು ಸರಣಿಕ್ರಿಯೆ ನಡೆಯಿತು. ಫುಟ್‌ಬಾಲನ್ನೂ ಬಾಂಬನ್ನೂ ಜೋಡಿಸಿದ್ದು ಡೆಲಿಲ್ಲೊ ಅವರ ಕಲ್ಪನೆ ಎಂದುಕೊಂಡಿದ್ದೆ. ಚರಿತ್ರೆ ಮೂವತ್ತು ವರ್ಷ ಮೊದಲೇ ಅದನ್ನು ಮಾಡಿ ಮುಗಿಸಿತ್ತು.

ಮೈದಾನ ಈಗ ಅಲ್ಲಿಲ್ಲ. ಆ ನೆಲದ ಮೇಲೆ 1970ರಲ್ಲಿ ರೆಗನ್‌ಸ್ಟೈನ್ ಗ್ರಂಥಾಲಯ ಎದ್ದಿತು. ಅದೂ ಸಿರಿವಂತ ಕುಟುಂಬವೊಂದರ ದೇಣಿಗೆಯಿಂದಲೇ, ಅವರ ಹೆಸರಿನಲ್ಲೇ. 1960ರ ದಶಕದ ಮೊದಲಿಗೆ ಆ ವಿಶ್ವವಿದ್ಯಾಲಯಕ್ಕೆ ಬಂದು 1993ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಪಾಠ ಮಾಡಿದ ನಮ್ಮ ಎ. ಕೆ. ರಾಮಾನುಜನ್ ಅವರ ಕಾಗದಪತ್ರಗಳು, ಕರಡುಗಳು, ಡೈರಿಗಳು ಇಂದು ಅಲ್ಲಿನ ವಿಶೇಷ ಸಂಗ್ರಹದಲ್ಲಿವೆ. ಒಂದು ಕಾಲಕ್ಕೆ ಕೋಚ್ ಕೂಗು ಹಾಕುತ್ತಿದ್ದ ನೆಲದ ಮೇಲೆ ಕನ್ನಡ ಕವಿಯೊಬ್ಬನ ಹೊಡೆದುಹಾಕಿದ ಸಾಲುಗಳನ್ನು ಓದಲು ಈಗ ಸಂಶೋಧಕರು ಬರುತ್ತಾರೆ.

ಇದನ್ನು ಹೇಳಿ ಗ್ರಂಥಾಲಯದ ದಾನಿ ಒಳ್ಳೆಯವರು, ಫುಟ್‌ಬಾಲಿನ ದಾನಿ ಕೆಟ್ಟವರು ಎನ್ನುವ ಆಸೆಯಾಗುತ್ತದೆ. ಆದರೆ ಎರಡು ಕಡೆಯೂ ಹೆಸರಿನ ಆಸೆ ಇದೆ, ಎರಡು ಕಡೆಯೂ ತೆರಿಗೆ ವಿನಾಯಿತಿ ಇದೆ. ನನಗೆ ಮುಖ್ಯವಾಗಿ ಕಂಡ ವ್ಯತ್ಯಾಸ ಬೇರೆ. ಗ್ರಂಥಾಲಯಕ್ಕೆ ಹಣ ಕೊಟ್ಟವರಿಗೆ ಒಳಗೆ ಯಾರ ಕಾಗದಗಳು ಬಂದು ಸೇರುತ್ತವೆ ಎಂದು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಮೈಸೂರಿನ ಒಬ್ಬ ಕವಿಯ ಡೈರಿಗಾಗಿ ಅವರು ಕಪಾಟು ಕಟ್ಟಿಸಿದ್ದಲ್ಲ. ಅವರು ಕೊಟ್ಟು ಪಕ್ಕಕ್ಕೆ ಸರಿದದ್ದರಿಂದ ಅಲ್ಲಿ ಅದಕ್ಕೂ ಜಾಗವಾಯಿತು. ಮುಂದಿನ ಶನಿವಾರ ಗೆಲ್ಲಬೇಕೆಂದು ಕೊಟ್ಟ ಹಣಕ್ಕೆ ಈ ಗುಣ ಬರುವುದಿಲ್ಲ. ಅದಕ್ಕೆ ಏನು ಬೇಕೆಂದು ಮೊದಲೇ ಗೊತ್ತಿರುತ್ತದೆ.

‘ಎಂಡ್ ಝೋನ್’ನಲ್ಲಿ ಮಿಸೆಸ್ ಟಾಮ್ ಸತ್ತ ಮೇಲೂ ಕೋಚ್ ಇರುತ್ತಾನೆ. ಅವಳು ಕರೆತಂದವನು ಉಳಿದ, ಕರೆತಂದವಳು ಹೋದಳು. ಅವಳ ಗಂಡ ಯಾವುದಕ್ಕೆಂದು ಆ ಬಯಲಿನಲ್ಲಿ ಕಾಲೇಜು ಕಟ್ಟಿದ ಎಂಬುದನ್ನು ನೆನಪಿಟ್ಟುಕೊಂಡವರು ಅಷ್ಟು ಹೊತ್ತಿಗೆ ಅಲ್ಲಿ ಯಾರೂ ಇದ್ದಂತೆ ಕಾಣುವುದಿಲ್ಲ. ಮೂರನೇ ಸಲ ಓದಿದರೆ ಆ ಪುಟಗಳಿಂದಲೇ ಶುರುಮಾಡುತ್ತೇನೆ.